ಅರ್ಧಾಕ್ಷರದ ಜಗಳ: ಊರಿನ ಗ್ರಂಥಾಲಯದಲ್ಲಿ ಹೈಕು ಸ್ಪರ್ಧೆ ನಡೆಸುವವರಿಗೆ

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಕಳೆದ ವರ್ಷ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹದಲ್ಲಿ ಹೈಕು (ಜಪಾನಿನಿಂದ ಬಂದ ಪುಟ್ಟ ಪದ್ಯ) ಸ್ಪರ್ಧೆ ಇಟ್ಟಿದ್ದೆವು. "ಮೂರು ಸಾಲು, 5-7-5 ಅಕ್ಷರ, ತಪ್ಪಿದರೆ ಅನರ್ಹ" ಎಂಬುದೊಂದೇ ನಿಯಮ. ಸುಮಾರು ನೂರು ಮಂದಿ ಬರೆದರು. ಪಿಯುಸಿ ಓದುವ ಹುಡುಗಿಯೊಬ್ಬಳ ಪದ್ಯಕ್ಕೆ ಮೊದಲ ಬಹುಮಾನ ಎಂದು ಘೋಷಿಸಿದಾಗ ಸಭೆಯಲ್ಲೇ ಒಬ್ಬರು ಎದ್ದು, ಅದರಲ್ಲಿ 18 ಅಕ್ಷರ ಇದೆ ಎಂದರು. ಪದ್ಯ ಇದು:

ಬಸ್ ಹೋದ ಮೇಲೆ
ನಿಲ್ದಾಣದಲ್ಲಿ ಒಂದೇ
ಮಿಂಚಿನ ಹುಳ

"ಬಸ್" ಒಂದು ಅಕ್ಷರವೋ ಎರಡೋ ಎಂದು ತೀರ್ಪುಗಾರರಲ್ಲೇ ಒಮ್ಮತ ಬರಲಿಲ್ಲ. ಕೊನೆಗೆ ಬಹುಮಾನವನ್ನು ಇನ್ನೊಬ್ಬರಿಗೆ ಕೊಟ್ಟೆವು. ಹುಡುಗಿ ಆಮೇಲೆ ಗ್ರಂಥಾಲಯಕ್ಕೆ ಬರುವುದನ್ನೇ ಬಿಟ್ಟಿದ್ದಾಳೆ. ಬಹುಮಾನ ಬಂದ ಉಳಿದ ಪದ್ಯಗಳು ಹನಿಗವನದ ಹಾಗಿದ್ದವು, ಹೈಕು ಅಲ್ಲ ಎಂಬ ಆಕ್ಷೇಪವೂ ಬಂತು. ಕೆಲವು ಮಕ್ಕಳು ಫೋನಿನಲ್ಲಿ ಎಐಗೆ ಹೇಳಿ ಬರೆಸಿದ್ದಾರೆ ಎಂಬ ಗುಮಾನಿ ಬೇರೆ. ಈ ಸಲ ಮಾತ್ರೆ ಲೆಕ್ಕ ಇಡೋಣವೇ, ಕಂಪ್ಯೂಟರಿನಲ್ಲಿ ಎಣಿಸೋಣವೇ? ಅಥವಾ ಸ್ಪರ್ಧೆಯನ್ನೇ ಕೈಬಿಡೋಣವೇ?

ಉತ್ತರ: ಸ್ಪರ್ಧೆ ಬಿಡಬೇಡಿ ಮೇಡಂ. ನಿಮ್ಮಲ್ಲಿ ಬಿಗಿಯಾಗಿದ್ದದ್ದು ಎಣಿಕೆ, ಸಡಿಲವಾಗಿದ್ದದ್ದು ಆಯ್ಕೆಯ ಕ್ರಮ. ಅದನ್ನು ತಿರುಗಿಸಿದರೆ ನಿಮ್ಮ ಮುಕ್ಕಾಲು ತೊಂದರೆ ಕಳೆಯುತ್ತದೆ.

ಮೊದಲು ಆ ಪದ್ಯದ ಲೆಕ್ಕ. ಕನ್ನಡ ಛಂದಸ್ಸಿನಲ್ಲಿ ಸ್ವರ ಸೇರದ ಒಂಟಿ ವ್ಯಂಜನ, ಅಂದರೆ ಅರ್ಧಾಕ್ಷರ, ತಾನೇ ಒಂದು ಅಕ್ಷರವಾಗುವುದಿಲ್ಲ. ಹಿಂದಿನ ಅಕ್ಷರಕ್ಕೆ ಅಂಟಿಕೊಂಡು ಅದನ್ನು ಗುರು ಮಾಡುತ್ತದೆ, ಅಷ್ಟೆ. ಮಾತ್ರೆ ಎಂದರೆ ಉಚ್ಚಾರಕ್ಕೆ ಹಿಡಿಯುವ ಕಾಲದ ಅಳತೆ: ಲಘುವಿಗೆ ಒಂದು, ಗುರುವಿಗೆ ಎರಡು. ಆದ್ದರಿಂದ "ಬಸ್" ಒಂದು ಅಕ್ಷರ, ಎರಡು ಮಾತ್ರೆ. ಅದೇ "ಬಸ್ಸು" ಎಂದು ಬರೆದಿದ್ದರೆ ಎರಡು ಅಕ್ಷರ, ಮೂರು ಮಾತ್ರೆ. ಬಸ್-ಹೋ-ದ-ಮೇ-ಲೆ, ಐದು. ನಿ-ಲ್ದಾ-ಣ-ದ-ಲ್ಲಿ-ಒಂ-ದೇ, ಏಳು. ಮಿಂ-ಚಿ-ನ-ಹು-ಳ, ಐದು. ನಿಮ್ಮ ನಿಯಮದ ಪ್ರಕಾರವೇ ಪದ್ಯ ಸರಿಯಾಗಿತ್ತು. ಹದಿನೆಂಟೇ ಇದ್ದಿದ್ದರೂ ಹೈಕುವಿನ ರೂಢಿಯಲ್ಲಿ ಅನರ್ಹ ಮಾಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ ಎನ್ನುವುದು ಬೇರೆ ಮಾತು.

"ಹೈಕು ಅಂದರೆ 17 ಅಕ್ಷರ" ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಜಪಾನಿನಲ್ಲಿ ಎಣಿಸುವುದು ನಮ್ಮ ಅರ್ಥದ ಅಕ್ಷರವನ್ನಲ್ಲ, "ಒನ್" ಎಂಬ ಉಚ್ಚಾರದ ಅಳತೆಯನ್ನು. ದೀರ್ಘಕ್ಕೆ ಎರಡು, ಒತ್ತಿನ ತಡೆಗೆ ಒಂದು, ಸ್ವರ ಸೇರದ ನಕಾರಕ್ಕೂ ಒಂದು. "ಟೋಕ್ಯೋ" ಎಂದರೆ ಅವರಿಗೆ ನಾಲ್ಕು ಒನ್. ನಮ್ಮ ಮಾತ್ರೆಯ ಲೆಕ್ಕದಲ್ಲೂ ಎರಡು ಗುರು, ನಾಲ್ಕು. "ನಿಪ್ಪೊನ್" ಅವರಿಗೆ ನಾಲ್ಕು, ನಮಗೂ ಎರಡೆರಡು ನಾಲ್ಕು. "ಹೈಕು" ಎಂಬ ಪದವೇ ಅವರ ಬಾಯಲ್ಲಿ ಹ-ಇ-ಕು, ಮೂರು. ನಮ್ಮಲ್ಲಿ ಅಕ್ಷರ ಎರಡಾದರೂ ಮಾತ್ರೆ ಮೂರೇ. ಅಂದರೆ ಒನ್‌ಗೆ ಹತ್ತಿರದ ನೆಂಟ ನಮ್ಮ ಮಾತ್ರೆ, ಅಕ್ಷರವಲ್ಲ.

ಹಾಗಾದರೆ ಮಾತ್ರೆಗೇ ಹೋಗೋಣವೇ ಎಂದರೆ, ಬೇಡ. ಯಾಕೆ ಎನ್ನುವುದನ್ನು ಒಂದು ಪದ್ಯ ಇಟ್ಟುಕೊಂಡೇ ನೋಡಬಹುದು.

ಮೊದಲ ಮಳೆ
ಖಾಲಿ ಗೋಣಿಯ ಮೇಲೆ
ಬೆಕ್ಕಿನ ಹೆಜ್ಜೆ

ಅಕ್ಷರ 5-7-5. ಮಾತ್ರೆ ಹಾಕಿದರೆ 5-10-7, ಒಟ್ಟು 22. ಇದನ್ನು 17 ಮಾತ್ರೆಗೆ ಇಳಿಸಬೇಕಾದರೆ "ಮೊದಲ ಮಳೆ / ಗೋಣಿಯ ಮೇಲೆ / ಇಲಿ ಹೆಜ್ಜೆ" ಎಂದೇನೋ ಮಾಡಬೇಕು. ಲೆಕ್ಕ ಕೂಡಿತು. ಬೆಕ್ಕು ಇಲಿಯಾದದ್ದು ಹಾಗಿರಲಿ, "ಖಾಲಿ" ಹೋಯಿತು. ಬಿತ್ತನೆ ಬೀಜ ಹೊಲಕ್ಕೆ ಹೋಗಿದೆ, ಮನೆಯಲ್ಲಿ ಉಳಿದಿರುವುದು ಬರಿಯ ಚೀಲ ಎಂಬುದನ್ನು ಹೇಳುತ್ತಿದ್ದದ್ದೇ ಆ ಒಂದು ಮಾತು. ಪ್ರತ್ಯಯಗಳು, ದೀರ್ಘಗಳು, ಒತ್ತುಗಳು ತುಂಬಿದ ಕನ್ನಡಕ್ಕೆ 17 ಮಾತ್ರೆ ತೀರಾ ಇಕ್ಕಟ್ಟು. ಜೊತೆಗೆ ಲಘು-ಗುರು ಹಾಕಲು ಬರುವವರು ಮಾತ್ರ ಸ್ಪರ್ಧೆಗೆ ಉಳಿಯುತ್ತಾರೆ. ಊರಿನ ಗ್ರಂಥಾಲಯಕ್ಕೆ ಬೇಕಾದದ್ದು ಅದಲ್ಲವಲ್ಲ.

ಜಪಾನಿನಲ್ಲೇ ಈ ಎಣಿಕೆ ನಾವು ಅಂದುಕೊಂಡಷ್ಟು ಕಟ್ಟುನಿಟ್ಟಲ್ಲ. ಒಂದೆರಡು ಒನ್ ಹೆಚ್ಚಾದರೆ ಅದಕ್ಕೆ "ಜಿಅಮಾರಿ" ಎಂಬ ಹೆಸರೇ ಇದೆ. 17ನೇ ಶತಮಾನದ ಹೈಕು ಕವಿ ಬಾಶೋ ಬರೆದವುಗಳಲ್ಲೂ ಅಂಥವು ಇವೆ. ಮೂರು ಸಾಲು ಎನ್ನುವುದು ಕೂಡ ಬೇರೆ ಭಾಷೆಗಳು ಮಾಡಿಕೊಂಡ ಏರ್ಪಾಡು. ಜಪಾನಿ ಅಚ್ಚಿನಲ್ಲಿ ಹೈಕು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಒಂದೇ ಸಾಲು. ಇಂಗ್ಲಿಷಿನವರಂತೂ 17 ಸಿಲಬಲ್‌ನ ಹಟವನ್ನು ಬಹುಪಾಲು ಬಿಟ್ಟಿದ್ದಾರೆ. ಅಮೆರಿಕದ ಹೈಕು ಸೊಸೈಟಿ 2004ರಲ್ಲಿ ಒಪ್ಪಿದ ವ್ಯಾಖ್ಯೆಯ ಟಿಪ್ಪಣಿ 17ನ್ನು ಮೇಲ್ಮಿತಿಯ ಹಾಗೆ ನೋಡುತ್ತದೆ, ಕಡ್ಡಾಯ ಎನ್ನುವುದಿಲ್ಲ.

ನಿಮ್ಮ ನಿಯಮ ಹೀಗಿರಲಿ: "ಮೂರು ಸಾಲು, ನಡುವಿನ ಸಾಲು ಸ್ವಲ್ಪ ಉದ್ದ, ಒಟ್ಟು 12ರಿಂದ 19 ಅಕ್ಷರ. ಒತ್ತಕ್ಷರ ಒಂದೇ ಅಕ್ಷರ. ಅನುಸ್ವಾರ, ವಿಸರ್ಗ, ಅರ್ಧಾಕ್ಷರ ಪ್ರತ್ಯೇಕ ಅಲ್ಲ. ಬರೆದದ್ದು ಹೇಗಿದೆಯೋ ಹಾಗೇ ಎಣಿಕೆ." ಕೊನೆಯ ವಾಕ್ಯ ಮುಖ್ಯ. "ನಿಲ್ದಾಣದಲ್ಲಿ ಒಂದೇ" ಏಳು, ಸಂಧಿ ಮಾಡಿ "ನಿಲ್ದಾಣದಲ್ಲೊಂದೇ" ಎಂದರೆ ಆರು. ಕವಿ ಬಿಡಿಸಿ ಬರೆದದ್ದನ್ನು ತೀರ್ಪುಗಾರರು ಕೂಡಿಸಿ ಎಣಿಸಬಾರದು. ಸೂಚನಾ ಫಲಕದಲ್ಲಿ ಮೂರು ಉದಾಹರಣೆ ಹಾಕಿಬಿಡಿ: ಸ್ತ್ರೀ ಒಂದು, ಅಂಗಳ ಮೂರು, ಸ್ವಾತಂತ್ರ್ಯ ಮೂರು.

ಕಂಪ್ಯೂಟರಿನ ಎಣಿಕೆಯನ್ನು ನಂಬಲೇಬೇಡಿ. ಅದು ಎಣಿಸುವುದು ಯುನಿಕೋಡ್ ಸಂಕೇತಗಳನ್ನು. ನಮಗೆ ಒಂದೇ ಅಕ್ಷರವಾದ "ಸ್ತ್ರೀ" ಅದಕ್ಕೆ ಆರು: ಸ, ವಿರಾಮ (ಅರ್ಧಾಕ್ಷರ ಮಾಡುವ ಚಿಹ್ನೆ), ತ, ವಿರಾಮ, ರ, ದೀರ್ಘ. "ಸ್ವಾತಂತ್ರ್ಯ" ಹನ್ನೊಂದು. ಬೆರಳು ಮಡಿಸಿ ಎಣಿಸುವುದೇ ಸರಿ.

ಈಗ ಹನಿಗವನದ ಆಕ್ಷೇಪ. ಇದು ಎಣಿಕೆಗಿಂತ ದೊಡ್ಡ ವಿಷಯ, ಆಕ್ಷೇಪಿಸಿದವರ ಮಾತಿನಲ್ಲಿ ಹುರುಳಿದೆ. ನಮ್ಮ ಕಿವಿ ಚುಟುಕಕ್ಕೂ ಹನಿಗವನಕ್ಕೂ ಪಳಗಿದೆ. ಕೊನೆಯ ಸಾಲಿನಲ್ಲಿ ಒಂದು ತಿರುವು, ಶ್ಲೇಷೆ ಅಥವಾ ಕಚಗುಳಿ ಬರಬೇಕು, ಸಭೆ ಚಪ್ಪಾಳೆ ತಟ್ಟಬೇಕು. ಅದು ಕಡಿಮೆಯ ಕಲೆಯೇನಲ್ಲ, ಬೇರೆ ಕಲೆ.

ನಿನ್ನ ನೆನಪು
ಸಾಲದ ಕಂತಿನಂತೆ
ತಿಂಗಳಿಗೊಮ್ಮೆ

5-7-5 ಚೊಕ್ಕವಾಗಿದೆ, ನಗುವೂ ಬರುತ್ತದೆ. ಆದರೆ ಇದು ನಿಂತಿರುವುದು ಒಂದು ಹೋಲಿಕೆಯ ಮೇಲೆ. "ಅಂತೆ" ಬಂದ ತಕ್ಷಣ ಕವಿ ಓದುಗರ ಕೆಲಸವನ್ನು ತಾನೇ ಮಾಡಿ ಮುಗಿಸಿದ. ಇನ್ನೊಂದು ಬಗೆ ಇದೆ, ಪ್ರತಿ ಸ್ಪರ್ಧೆಯಲ್ಲೂ ಕಂತೆಗಟ್ಟಲೆ ಬರುತ್ತದೆ: "ಗಿಡ ಬೆಳೆಸಿ / ಪರಿಸರ ಉಳಿಸಿ / ನಾಡ ಬೆಳಗಿ". ಇದೂ 5-7-5. ಗೋಡೆಬರಹಕ್ಕೆ ಆಗಬಹುದು. ಮೂರನೆಯದು ಒಂದು ವರದಿಯನ್ನು ಮೂರು ತುಂಡು ಮಾಡಿದ್ದು: "ಬೆಕ್ಕು ಮಳೆಗೆ / ನೆನೆದು ಬಂದು ಗೋಣಿ / ಮೇಲೆ ನಡೀತು". ಮೇಲಿನ ಬೆಕ್ಕೇ, ಗೋಣಿಯೂ ಅದೇ. ಆದರೆ ಇಲ್ಲಿ ಎಲ್ಲವೂ ಒಂದೇ ವಾಕ್ಯವಾಗಿ ಕ್ರಿಯಾಪದದಲ್ಲಿ ಮುಗಿದುಹೋಗಿದೆ. ಓದಿದವರಿಗೆ ಮಾಡಲು ಏನೂ ಉಳಿದಿಲ್ಲ.

ಹೈಕುವಿನ ಜೀವ ಇರುವುದು ಎರಡು ಚಿತ್ರಗಳ ನಡುವಿನ ಬಿರುಕಿನಲ್ಲಿ. ಜಪಾನಿಯಲ್ಲಿ ಅದನ್ನು ತೋರಿಸಲು "ಯಾ", "ಕನ", "ಕೆರಿ" ಮೊದಲಾದ ಕಡಿತದ ಪದಗಳಿವೆ, ಕಿರೆಜಿ ಎನ್ನುತ್ತಾರೆ. ಕನ್ನಡಕ್ಕೆ ಅಂಥ ಪದ ಬೇಕಿಲ್ಲ. ನಾಮಪದದಲ್ಲಿ ಸಾಲು ನಿಲ್ಲಿಸಿದರೆ ಸಾಕು, "ಮೊದಲ ಮಳೆ" ಎಂದು ನಿಂತ ಹಾಗೆ. ತೀರ್ಪುಗಾರರಿಗೆ ಒಂದು ಸುಲಭದ ಪರೀಕ್ಷೆ: ಮೂರೂ ಸಾಲನ್ನು ಒಂದೇ ಉಸಿರಿಗೆ ಗದ್ಯದ ಹಾಗೆ ಓದಿ. ಎಲ್ಲೂ ತಡೆಯದೆ ಸಲೀಸಾಗಿ ಓಡಿದರೆ ಬಿರುಕು ಇಲ್ಲ ಎಂದರ್ಥ. ನಿಮ್ಮ ಊರಿನ ಹುಡುಗಿಯ ಪದ್ಯದಲ್ಲಿ ಆ ಬಿರುಕು ಎಲ್ಲಿದೆ ನೋಡಿ. ಬಸ್ಸು ಹೋಯಿತು, ಅಂದರೆ ದೀಪ ಹೋಯಿತು, ಸದ್ದು ಹೋಯಿತು, ಜನ ಹೋದರು. ಇದ್ಯಾವುದನ್ನೂ ಅವಳು ಹೇಳಿಲ್ಲ. ಒಂದು ಹುಳ ತೋರಿಸಿದ್ದಾಳೆ. ನಿಮ್ಮ ತೀರ್ಪುಗಾರರು ಮೊದಲ ಸುತ್ತಿನಲ್ಲಿ ಸರಿಯಾದದ್ದನ್ನೇ ಆರಿಸಿದ್ದರು.

ಪ್ರಾಸ ಬೇಕೇ? ಬೇಡ. ತಾನಾಗಿ ಬಂದರೆ ಇರಲಿ. ಮನುಷ್ಯರ ಗುಣಾವಗುಣ, ತಮಾಷೆಯ ಮೂರು ಸಾಲು ಬಂದರೆ ತಳ್ಳಬೇಡಿ, ಅದಕ್ಕೆ ಜಪಾನಿನಲ್ಲಿ ಸೆನ್ರ್ಯು ಎಂಬ ಬೇರೆ ಪ್ರಕಾರವೇ ಇದೆ. ನೀವೂ "ನಗೆಹೈಕು" ಎಂದು ಒಂದು ಬಹುಮಾನ ಬೇರೆ ಇಟ್ಟರೆ ಹನಿಗವನದವರಿಗೂ ಜಾಗ ಸಿಗುತ್ತದೆ, ಮುಖ್ಯ ಬಹುಮಾನದ ಮೇಲಿನ ಒತ್ತಡವೂ ಇಳಿಯುತ್ತದೆ.

ಋತುವಿನ ಪದ, ಅಂದರೆ ಕಿಗೊ, ಕಡ್ಡಾಯ ಮಾಡಬೇಕಿಲ್ಲ, ಆದರೆ ಕೇಳಿ. ಕಾರಣ ಇದೆ. ಸುಮ್ಮನೆ "ಪ್ರಕೃತಿ" ಎಂದು ವಿಷಯ ಕೊಟ್ಟರೆ ಚೆರ್ರಿ ಹೂವನ್ನು ಕಂಡೇ ಇಲ್ಲದವರೂ ಚೆರ್ರಿ ಹೂವು, ಹಿಮ, ಶರತ್ಕಾಲದ ಎಲೆ ಎಂದು ಬರೆಯುತ್ತಾರೆ. ಜಪಾನಿನಲ್ಲಿ ಋತುಪದಗಳಿಗೆ ಸೈಜಿಕಿ ಎಂಬ ಕೋಶಗಳಿವೆ. ನಮ್ಮ ರೈತರ ಬಾಯಲ್ಲಿ ಅಂಥ ಕೋಶ ಸಿದ್ಧವಾಗಿಯೇ ಇದೆ: ಮಳೆ ನಕ್ಷತ್ರಗಳು. ಮೇ 25ರ ಆಸುಪಾಸಿಗೆ ಹುಟ್ಟುವ ರೋಹಿಣಿ, ಆಮೇಲೆ ಮೃಗಶಿರ, ಜೂನ್ ಮೂರನೇ ವಾರ ಕಳೆದ ಮೇಲೆ ಆರಿದ್ರಾ, ಹೀಗೆ ಹದಿಮೂರು-ಹದಿನಾಲ್ಕು ದಿನಕ್ಕೊಂದು. "ಮಳೆ" ಎಂದರೆ ಯಾವ ತಿಂಗಳೂ ಆಗಬಹುದು. "ಆರಿದ್ರಾ" ಎಂದರೆ ದಿನ, ಹೊಲದ ಬಣ್ಣ, ಕಾಲಿಗೆ ಅಂಟುವ ಕೆಸರು ಎಲ್ಲವೂ ಒಂದು ಪದದಲ್ಲಿ ಬಂತು. ಹದಿನೇಳು ಅಕ್ಷರದ ಪದ್ಯಕ್ಕೆ ಇದಕ್ಕಿಂತ ಉಳಿತಾಯ ಇನ್ನೇನು ಬೇಕು? ಸಪ್ತಾಹ ನಡೆಯುವ ನವೆಂಬರ್ 14ರಿಂದ 20ರ ಹೊತ್ತಿಗೆ ವಿಶಾಖೆಯ ಕೊನೆ, ಇಬ್ಬನಿ, ರಾಗಿ ಕೊಯ್ಲು, ಕಾರ್ತಿಕದ ದೀಪ. ಹೊಂಗೆ ಚಿಗುರು, ಕಕ್ಕೆ ಹೂವು, ಅವರೆಯ ಸೊಗಡು, ಆಷಾಢದ ಗಾಳಿ, ಮಾಗಿ ಚಳಿ ಇಂಥ ಐವತ್ತು ಪದಗಳನ್ನು ಓದುಗರಿಂದಲೇ ಹೇಳಿಸಿ ಒಂದು ಚಾರ್ಟಿಗೆ ಬರೆದು ತೂಗುಹಾಕಿ. ಸ್ಪರ್ಧೆಗಿಂತ ಮೂರು ವಾರ ಮೊದಲೇ ಈ ಕೆಲಸ ಆಗಬೇಕು.

ಆಯ್ಕೆಯ ಕ್ರಮಕ್ಕೆ ಬರೋಣ. ಇಲ್ಲಿ ಬಿಗಿ ಬೇಕು. ಜಪಾನಿನ ಕುಕಾಯ್ ಎಂಬ ಹೈಕು ಕೂಟದಲ್ಲಿ ಚೀಟಿಗೆ ಒಂದೊಂದು ಪದ್ಯ ಬರೆದು, ಹೆಸರಿಲ್ಲದೆ ಹಾಕುತ್ತಾರೆ. ಚೀಟಿಗಳನ್ನು ಕಲೆಸಿ ಹಂಚುತ್ತಾರೆ, ತನಗೆ ಬಂದ ಚೀಟಿಗಳನ್ನು ಪ್ರತಿಯೊಬ್ಬರೂ ಬೇರೆ ಹಾಳೆಗೆ ನಕಲು ಮಾಡುತ್ತಾರೆ. ಕೈಬರಹದಿಂದಲೂ ಗುರುತು ಸಿಗಬಾರದು ಎಂದು ಈ ಏರ್ಪಾಡು. ಆರಿಸಿ, ಓದಿ, ಚರ್ಚಿಸಿದ ಮೇಲೆಯೇ ಬರೆದವರು ಹೆಸರು ಹೇಳುವುದು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಪದ್ಧತಿ ಇಲ್ಲ.

ನಿಮ್ಮಲ್ಲಿ ಹೀಗೆ ಮಾಡಬಹುದು. ಒಬ್ಬರಿಗೆ ಮೂರೇ ಪದ್ಯ. ಎ4 ಹಾಳೆಯ ಅಗಲವನ್ನು ನಾಲ್ಕು, ಉದ್ದವನ್ನು ಎರಡು ಪಾಲು ಮಾಡಿದರೆ ಸುಮಾರು 5 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಎಂಟು ಚೀಟಿ ಸಿಗುತ್ತವೆ. ನೂರು ಮಂದಿಯ 300 ಪದ್ಯಕ್ಕೆ 38 ಹಾಳೆ ಸಾಕು. ಚೀಟಿಯಲ್ಲಿ ಪದ್ಯ ಮಾತ್ರ. ಹೆಸರು, ವಯಸ್ಸು, ಫೋನ್ ನಂಬರ್ ಬೇರೆ ನಮೂನೆಯಲ್ಲಿ, ಎರಡಕ್ಕೂ ಒಂದೇ ಕ್ರಮಸಂಖ್ಯೆ. ಆ ನಮೂನೆಗಳ ಕಟ್ಟು ನಿಮ್ಮ ಬೀರುವಿನಲ್ಲಿರಲಿ, ಫಲಿತಾಂಶದ ತನಕ ತೆರೆಯಕೂಡದು. ಎಲ್ಲ ಪದ್ಯಗಳನ್ನೂ ಕಲೆಸಿದ ಕ್ರಮದಲ್ಲಿ ಒಬ್ಬರು ಟೈಪ್ ಮಾಡಲಿ. ಒಬ್ಬರ ಮೂರು ಪದ್ಯ ಸಾಲಾಗಿ ಬರಬಾರದು.

ಹೆಚ್ಚಾಗಿ ಕೈಕೊಡುವುದು ಈ ಟೈಪಿಂಗೇ. ಒತ್ತು ಬಿಟ್ಟುಹೋಗುತ್ತದೆ, ಅಥವಾ ಟೈಪ್ ಮಾಡುವವರು ಉಪಕಾರ ಮಾಡಲು ಹೋಗಿ "ನಡೀತು" ಎಂದಿದ್ದನ್ನು "ನಡೆಯಿತು" ಎಂದು ತಿದ್ದುತ್ತಾರೆ. ಒಂದು ಅಕ್ಷರ ಹೆಚ್ಚಾಯಿತು, ಊರಿನ ಮಾತೂ ಹೋಯಿತು. ಟೈಪಾದ ಮೇಲೆ ಒಬ್ಬರು ಚೀಟಿ ನೋಡಿ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಟೈಪಾದ ಪ್ರತಿಯಲ್ಲಿ ತಾಳೆ ನೋಡಲಿ. ಕಾಗುಣಿತ ತಪ್ಪಿದ್ದರೆ ಹಾಗೇ ಇರಲಿ.

ತೀರ್ಪುಗಾರರು ಮೂವರು. ಒಬ್ಬರಾದರೂ ಮೇಷ್ಟ್ರಲ್ಲದವರು ಇರಲಿ, ಒಳ್ಳೆಯ ಓದುಗರಾಗಿದ್ದರೆ ಸಾಕು. 300 ಪದ್ಯ ಓದಲು ಎರಡೂವರೆ-ಮೂರು ಗಂಟೆ ಹಿಡಿಯುತ್ತದೆ, ಒಂದೇ ಸಲಕ್ಕೆ ಕೂತು ಮುಗಿಸಬಾರದು. ಪ್ರತಿಯೊಬ್ಬರೂ ಬೇರೆ ಬೇರೆ ಕೂತು 30 ಪದ್ಯಕ್ಕೆ ಗುರುತು ಹಾಕಲಿ. ಇಬ್ಬರ ಗುರುತು ಬಿದ್ದವು ಮುಂದಕ್ಕೆ, ಜೊತೆಗೆ ಬೇರೆ ಯಾರೂ ಆರಿಸದ ಒಂದು ಪದ್ಯವನ್ನು ಉಳಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಇರಲಿ. ಮೆಲುದನಿಯ ಪದ್ಯಗಳು ಬದುಕುವುದು ಆ ಹಕ್ಕಿನಿಂದ. ಎರಡನೇ ಸುತ್ತು ಒಟ್ಟಿಗೆ, ಒಂದೊಂದು ಪದ್ಯವನ್ನೂ ಎರಡು ಸಲ ಗಟ್ಟಿಯಾಗಿ ಓದಿ. ಆಮೇಲೆ ತಲಾ ಐದು ಆಯ್ಕೆ, ಅದರಲ್ಲಿ ಒಂದು ವಿಶೇಷ ಆಯ್ಕೆ. ವಿಶೇಷಕ್ಕೆ ಎರಡು ಅಂಕ, ಉಳಿದವಕ್ಕೆ ಒಂದೊಂದು. "ಭಾಷೆಗೆ 25, ಭಾವಕ್ಕೆ 25" ಎಂಬ ಅಂಕಪಟ್ಟಿ ಬೇಡ. ಅದರಲ್ಲಿ ಯಾವಾಗಲೂ ಗೆಲ್ಲುವುದು ಯಾರಿಗೂ ಬೇಸರವಾಗದ ಸಪ್ಪೆ ಪದ್ಯ. ಎಣಿಕೆಯ ಪರಿಶೀಲನೆ ಇಲ್ಲೇ, ಫಲಿತಾಂಶಕ್ಕೆ ಮೊದಲೇ ಮುಗಿಯಬೇಕು. ಸಭೆಯಲ್ಲಿ ಎದ್ದ ಆಕ್ಷೇಪಕ್ಕೆ ಸಭೆಯಲ್ಲೇ ತೀರ್ಪು ಬದಲಿಸುವುದಿಲ್ಲ ಎಂದು ನಿಯಮದಲ್ಲೇ ಬರೆದುಬಿಡಿ.

ತೀರ್ಪುಗಾರರೇ ಬೇಡ, ಬರೆದವರೇ ಆರಿಸಲಿ ಎನ್ನುವುದು ಇನ್ನೊಂದು ದಾರಿ, ಕುಕಾಯ್ ಹಾಗೆ. ಇಪ್ಪತ್ತು-ಮೂವತ್ತು ಮಂದಿಗೆ ಅದು ಚೆನ್ನ, ಓದುವ ಅಭ್ಯಾಸವೂ ಆಗುತ್ತದೆ. ನೂರಾದರೆ ಒಂದೇ ಓಣಿಯವರು ಮಾತಾಡಿಕೊಂಡು ಮತ ಹಾಕುವುದು, ಮೊದಲ ಓದಿಗೇ ನಗಿಸುವ ಪದ್ಯಕ್ಕೆ ಎಲ್ಲ ಮತ ಬೀಳುವುದು ತಪ್ಪದು. ಮೂರನೆಯದು, ಬಹುಮಾನವೇ ಇಲ್ಲದ ಪೆಟ್ಟಿಗೆ. ಆಧುನಿಕ ಹೈಕುವಿಗೆ ಆ ಹೆಸರು ನೆಲೆಗೊಳಿಸಿದ ಕವಿ ಶಿಕಿ ಹುಟ್ಟಿದ ಮತ್ಸುಯಾಮಾ ನಗರದಲ್ಲಿ 1960ರ ದಶಕದಿಂದ ಹೈಕು ಅಂಚೆಪೆಟ್ಟಿಗೆಗಳಿವೆ, ಯಾರು ಬೇಕಾದರೂ ಬರೆದು ಹಾಕಬಹುದು. ಇದರಲ್ಲಿ ಜಗಳಕ್ಕೆ ಜಾಗವಿಲ್ಲ. ಆದರೆ ತಿಂಗಳಿಗೊಮ್ಮೆ ತೆಗೆದು ನಾಲ್ಕು ಪದ್ಯವನ್ನಾದರೂ ಫಲಕಕ್ಕೆ ಹಾಕದಿದ್ದರೆ ಅದು ಸಲಹಾ ಪೆಟ್ಟಿಗೆಯ ಗತಿ ಕಾಣುತ್ತದೆ. ನಾನಾದರೆ ದೊಡ್ಡವರಿಗೆ ತೀರ್ಪುಗಾರರ ಸ್ಪರ್ಧೆ, ವರ್ಷಪೂರ್ತಿ ಪೆಟ್ಟಿಗೆ ಎರಡನ್ನೂ ಇಡುತ್ತೇನೆ.

ಮಕ್ಕಳಿಗೆ ಮಾತ್ರ ಸ್ಥಳದಲ್ಲೇ ಬರೆಯುವ ಸ್ಪರ್ಧೆ. ನಿಮ್ಮ ಎಐ ಗುಮಾನಿಗೂ, ಅಪ್ಪ-ಅಮ್ಮ ಬರೆದುಕೊಡುವುದಕ್ಕೂ ಇದೊಂದೇ ಮದ್ದು. ಜಪಾನಿನ ಕೂಟಗಳಲ್ಲೂ ಅಲ್ಲೇ ವಿಷಯ ಕೊಟ್ಟು ಬರೆಸುವ ರೂಢಿಯಿದೆ. ಇಪ್ಪತ್ತು ನಿಮಿಷ ಗ್ರಂಥಾಲಯದ ಸುತ್ತ ಓಡಾಡಿಸಿ, ಕಂಡದ್ದು-ಕೇಳಿದ್ದು ಐದು ಗುರುತು ಹಾಕಿಕೊಳ್ಳಲಿ, ಆಮೇಲೆ ನಲವತ್ತು ನಿಮಿಷ ಬರವಣಿಗೆ. ಫೋನ್ ಹೊರಗೆ. ಇದು ಎಐ ಬರೆದದ್ದೋ ಎಂದು ಹೇಳುವ ತಂತ್ರಾಂಶಗಳ ಮಾತು ನೆಚ್ಚಿ ಯಾವ ಮಗುವನ್ನೂ ಹೊರಗಿಡಬೇಡಿ. ಇಷ್ಟು ಚಿಕ್ಕ ಬರಹದಲ್ಲಿ ಅವು ಹೇಳುವುದಕ್ಕೆ ಆಧಾರ ಸಾಲದು. ದೊಡ್ಡವರ ವಿಭಾಗಕ್ಕೂ ಸ್ಥಳಪರೀಕ್ಷೆ ಇಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಕೂಲಿ ಬಿಟ್ಟು ಬರಲಾಗದವರೂ ನಾಲ್ಕು ಜನರೆದುರು ಕೈ ನಡುಗುವವರೂ ಅಲ್ಲೇ ಉದುರಿಹೋಗುತ್ತಾರೆ. ಬರೆಯಲು ಬಾರದ ಅಜ್ಜಿಯರು ಬಾಯಲ್ಲಿ ಹೇಳಿದರೆ ನೀವೇ ಬರೆದುಕೊಳ್ಳಿ, ಒಂದು ಮಾತನ್ನೂ ತಿದ್ದದೆ.

ಎರಡು ಪದ್ಯ ಒಂದೇ ಥರ ಇದ್ದರೆ ಕಳ್ಳತನ ಎಂದು ಹಾರಿಬೀಳಬೇಡಿ. ಇಷ್ಟು ಸಣ್ಣ ಜಾಗದಲ್ಲಿ ಇಬ್ಬರಿಗೆ ಒಂದೇ ಚಿತ್ರ ಹೊಳೆಯುವುದು ಸಹಜ. ಜಪಾನಿಯರು ಇದಕ್ಕೆ ರುಯ್ಕು ಎಂದು ಹೆಸರಿಟ್ಟು, ಸದ್ದಿಲ್ಲದೆ ಹಿಂದಕ್ಕೆ ಪಡೆಯಲು ಹೇಳುತ್ತಾರೆ. ಸಾಲಿಗೆ ಸಾಲು ಒಂದೇ ಆಗಿದ್ದರೆ ಮಾತ್ರ ಕರೆದು ಕೇಳಿ, ಅದೂ ಖಾಸಗಿಯಾಗಿ. ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಹಾಕಿದ್ದು ಪ್ರಕಟಿತವೋ ಅಲ್ಲವೋ ಎಂಬ ತಕರಾರು ಬಂದೇ ಬರುತ್ತದೆ, ಅಲ್ಲ ಎಂದು ಮೊದಲೇ ಬರೆದಿಡಿ.

ಬಹುಮಾನ ದುಡ್ಡಿನಲ್ಲಿ ಬೇಡ, ಪುಸ್ತಕದಲ್ಲಿ ಕೊಡಿ. ಮೊತ್ತ ಏರಿದಷ್ಟೂ ಅಕ್ಷರ ಎಣಿಸುವವರು ಹೆಚ್ಚುತ್ತಾರೆ. ಆಯ್ಕೆಯಾದ ಇಪ್ಪತ್ತು ಪದ್ಯಗಳನ್ನು ಅದೇ ಚೀಟಿಯ ಅಳತೆಯಲ್ಲಿ ದಪ್ಪ ಕಾಗದಕ್ಕೆ ಅಚ್ಚು ಹಾಕಿಸಿ, ಎರವಲು ಹೋಗುವ ಪುಸ್ತಕಗಳಲ್ಲಿ ಪುಟಗುರುತಾಗಿ ಇಟ್ಟುಕೊಡಿ. ಹಕ್ಕು ಬರೆದವರದೇ, ಗ್ರಂಥಾಲಯಕ್ಕೆ ಅಚ್ಚು ಹಾಕುವ ಅನುಮತಿ ಮಾತ್ರ ಎಂದು ನಮೂನೆಯಲ್ಲಿ ಸಹಿ ಪಡೆದಿರಬೇಕು. ಮಕ್ಕಳದಾದರೆ ಪೋಷಕರ ಸಹಿ, ಅಚ್ಚಿನಲ್ಲಿ ಹೆಸರು ಮತ್ತು ತರಗತಿಯಷ್ಟೇ.

ಕೊನೆಗೆ ಆ ಹುಡುಗಿಯ ವಿಷಯ. ಹಳೆಯ ಬಹುಮಾನವನ್ನು ಇನ್ನೊಬ್ಬರಿಂದ ವಾಪಸು ಕೇಳಬೇಡಿ, ಅದು ಇನ್ನೊಂದು ಜಗಳ. ನೀವೇ ಅವರ ಮನೆಗೆ ಹೋಗಿ, ಎಣಿಕೆಯಲ್ಲಿ ತಪ್ಪಿದ್ದು ನಾವು ಎಂದು ಹೇಳಿ. ಅವಳು ಒಪ್ಪಿದರೆ ಆ ಪದ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಈ ವರ್ಷದ ಪೆಟ್ಟಿಗೆಯ ಮುಖಕ್ಕೆ ಅಂಟಿಸಿ. "ಬಸ್" ಅನ್ನು "ಬಸ್ಸು" ಮಾಡಲು ಯಾರಿಗೂ ಬಿಡಬೇಡಿ.